ನಲವತ್ತೆಂಟು ಅಂಕಿ

ಲ್ಯಾಪ್‌ಟಾಪ್ ಸುಟ್ಟುಹೋಯಿತು, ಗುಜರಿಗೆ ಹಾಕಿದೆವು ಎಂದು ಮಾಲವಿಕಾಗೆ ಹೇಳಿದ್ದು ನಾನೇ. ನನ್ನ ಮಗ ಸಿದ್ದೇಶನನ್ನು ಬಿಟ್ಟ ಮೇಲೆ ಅವಳು ತನ್ನ ಸಾಮಾನು ತೆಗೆದುಕೊಂಡು ಹೋಗಲು ಒಂದೇ ಸಲ ವಿಜಯನಗರದ ನಮ್ಮ ಮನೆಗೆ ಬಂದಿದ್ದಳು. ಲ್ಯಾಪ್‌ಟಾಪ್ ಅವಳದೇ, ಮದುವೆಗೆ ಮುಂಚೆ ಕೊಂಡದ್ದು. "ಅದ್ರಲ್ಲಿ ನಮ್ಮಪ್ಪನ ಕೊನೇ ವಿಡಿಯೋ ಎಲ್ಲಾ ಇತ್ತು ಅತ್ತೆ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅದು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ನಾನು ಅವಳಿಗೆ ಒಂದು ಲೋಟ ನೀರು ತಂದುಕೊಟ್ಟೆ.

ಅದರೊಳಗೆ ನನ್ನ ಬಿನ್ನಿಪೇಟೆಯ ಹೆಂಗಸರಿದ್ದರು. ನಾನು ಮೂವತ್ತು ವರ್ಷ ಬಾಳಿದ ವಠಾರದವರು. ಒಬ್ಬೊಬ್ಬರ ಬಳಿಯೂ ಕೂತು ಮಾತು ರೆಕಾರ್ಡ್ ಮಾಡಿಕೊಂಡು, ಅದನ್ನು ಕೇಳಿ ಕೇಳಿ ಟೈಪ್ ಮಾಡುತ್ತಿದ್ದೆ. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳಿಗೆ ಕನ್ನಡದ ಕೀಬೋರ್ಡ್ ಕಲಿಸಿದವಳು ಮಾಲವಿಕಾನೇ. ಆ ಹೆಂಗಸರಲ್ಲಿ ಈಗ ಇಬ್ಬರೇ ಉಳಿದಿದ್ದಾರೆ. ಆ ಮಾತುಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ. ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಬಹುದು ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಲ್ಯಾಪ್‌ಟಾಪ್ ಕೊಡುತ್ತಿದ್ದೆನೆ? ಹೇಳಲಾರೆ.

ಎರಡು ವರ್ಷದ ಮೇಲೆ, ಹೋದ ವಾರ, ಅಪ್‌ಡೇಟ್ ಮಾಡಬೇಕು, ಜಾಗ ಸಾಲದು ಎಂದು ತೆರೆಯ ಮೇಲೆ ಬಂತು. ಮೂರು ದಿನ ಅದೇ ಪಾಠ. ಶನಿವಾರ ಕೂತು ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ನೋಡಿದೆ. ಎಲ್ಲಕ್ಕಿಂತ ದೊಡ್ಡವು ನನ್ನ ರೆಕಾರ್ಡಿಂಗುಗಳು, ಆಮೇಲೆ ಅವಳ ಅಪ್ಪನ ವಿಡಿಯೋಗಳು. ಒಂದನ್ನು ತೆರೆದೆ. ಮಂಚದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ ಆ ಮನುಷ್ಯ "ಸಾಕು ನಿಲ್ಸೇ ನಿನ್ನ ಸಿನಿಮಾನ" ಎಂದು ನಗುತ್ತಿದ್ದರು. ಮುಚ್ಚಿದೆ. ಇಡೀ ಫೋಲ್ಡರ್ ಅಳಿಸಿದೆ. ಇನ್ನೂ ಜಾಗ ಸಾಲದು ಎಂದಿತು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಸುಟ್ಟುಹೋಯಿತೆಂದು ಅವಳು ಒಪ್ಪಿಕೊಂಡಾಗಿದೆಯಲ್ಲ ಎಂದುಕೊಂಡೆ.

ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಲ್ಯಾಪ್‌ಟಾಪ್ ತಾನೇ ಆರಿ ತಾನೇ ಹೊತ್ತಿಕೊಳ್ಳತೊಡಗಿತು. ಕೊನೆಗೆ ತೆರೆಯೆಲ್ಲ ನೀಲಿಯಾಗಿ ಏನೋ ಕೀ ಕೇಳಿತು. ಸೋಮವಾರ ಬೆಳಿಗ್ಗೆ ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಮ್ಮ ರಸ್ತೆಯ ರಿಪೇರಿ ಅಂಗಡಿಯ ವೆಂಕಟಗಿರಿಯ ಬಳಿ ಹೋದೆ.

"ಏನೂ ಕೆಟ್ಟಿಲ್ಲಮ್ಮ," ಎಂದ. "ಅಪ್‌ಡೇಟ್ ಫೇಲಾಗಿದ್ದಕ್ಕೆ ಇದಕ್ಕೆ ಅನುಮಾನ ಬಂದು ಬೀಗ ಹಾಕ್ಕೊಂಡಿದೆ. ನಲವತ್ತೆಂಟು ಅಂಕಿ ಕೀ ಬೇಕು. ಮೊದ್ಲು ಯಾರ ಮೇಲ್ ಐಡಿ ಹಾಕಿದ್ರೋ ಅವರ ಅಕೌಂಟಲ್ಲಿರತ್ತೆ."

"ಅವ್ರನ್ನ ಕೇಳ್ದೆ ಆಗಲ್ವೇನಪ್ಪಾ?"

"ಆಗತ್ತೆ, ಫಾರ್ಮ್ಯಾಟ್ ಮಾಡ್ತೀನಿ. ಒಳಗಿರೋದು ಒಂದೂ ಉಳಿಯಲ್ಲ. ಯಾರದು, ಸೊಸೇದಾ? ಮತ್ತೇನ್ ಯೋಚ್ನೆ, ಫೋನ್ ಹಾಕಿ. ಸೊಸೆ ಹತ್ರ ಕೀ ಇರೋದೇನ್ ಹೊಸದಾ?"

ಅವನ ನಗೆ ಮುಗಿಯುವವರೆಗೆ ಕಾದು, ಅಲ್ಲೇ ಸ್ಟೂಲಿನ ಮೇಲೆ ಕೂತು ಫೋನ್ ಮಾಡಿದೆ. ಅಂಕಿ ತನಗೂ ಕೇಳಿಸಲೆಂದು ಅವನು ಸ್ಪೀಕರ್ ಹಾಕಿದ.

"ಹೇಳಿ" ಎಂದಳು ಮಾಲವಿಕಾ.

"ಲ್ಯಾಪ್‌ಟಾಪ್ ಸುಟ್ಟಿಲ್ಲ ಕಣಮ್ಮ. ನನ್ನ ಹತ್ರಾನೇ ಇದೆ. ಸುಳ್ಳು ಹೇಳಿದ್ದೆ."

ಅತ್ತ ಬಸ್ಸಿನ ಹಾರನ್ ಕೇಳಿಸುತ್ತಿತ್ತು. "ನಮ್ಮಣ್ಣ ನಾಯಂಡಹಳ್ಳಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ, ಗೊತ್ತಾ ನಿಮಗೆ? ವಾರಗಟ್ಲೆ" ಎಂದಳು.

ಕೀ ವಿಷಯ ಹೇಳಿದೆ.

"ಓ, ಅದಕ್ಕೆ ನಾನು ನೆನಪಾದೆ." ಆಮೇಲೆ ಕೇಳಿದಳು. "ಅಪ್ಪನ ವಿಡಿಯೋ ಅದ್ರಲ್ಲೇ ಇದ್ಯಾ?"

"ಮೊದ್ಲು ತೆಗೀಲಿ. ಆಮೇಲಲ್ವಾ ನೋಡೋದು."

"ಇರಿ ಅತ್ತೆ, ಇರಿ, ಕಟ್ ಮಾಡ್ಬೇಡಿ!" ಅವಳ ದನಿಯೇ ಬೇರೆಯಾಯಿತು. ಅಕೌಂಟ್ ತೆರೆದು ಆರಾರು ಅಂಕಿ ಓದತೊಡಗಿದಳು. ನಾನು ತಿರುಗಿ ಹೇಳುತ್ತಿದ್ದೆ, ವೆಂಕಟಗಿರಿ ಒತ್ತುತ್ತಿದ್ದ. ಒಟ್ಟು ಎಂಟು ಗುಂಪು. ಪ್ರತಿ ಗುಂಪು ಮುಗಿದಾಗಲೂ ಅವಳು "ಆಯ್ತಾ?" ಎಂದು ನಿಲ್ಲಿಸುತ್ತಿದ್ದಳು. ನಿಜ ಹೇಳಲು ಎಂಟು ಸಲ ಜಾಗವಿತ್ತು. ಎಂಟು ಸಲವೂ "ಆಯ್ತು" ಎಂದೆ.

ತೆರೆಯಿತು. ನನ್ನ ಹೆಂಗಸರೆಲ್ಲ ಇದ್ದರು. "ಬೇಕಾದ್ದು ಈಗ್ಲೇ ತಗೊಂಡ್ಬಿಡಿ, ಇನ್ನೊಂದ್ಸಲ ಆನ್ ಆಗತ್ತೋ ಇಲ್ವೋ" ಎಂದು ವೆಂಕಟಗಿರಿ ಪೆನ್‌ಡ್ರೈವ್ ಹಾಕಿ ಕಾಪಿಗೆ ಬಿಟ್ಟ. ಇಪ್ಪತ್ತು ನಿಮಿಷ ಎಂದು ತೋರಿಸಿತು.

"ಅತ್ತೆ, ಫೋಲ್ಡರ್ ಕಾಣ್ತಾ? 'ಅಪ್ಪ' ಅಂತಾನೇ ಹೆಸರಿರತ್ತೆ."

"ಇಲ್ಲ ಕಣಮ್ಮ. ಶನಿವಾರ ನಾನೇ ಅಳಿಸ್ದೆ. ಜಾಗ ಇರ್ಲಿಲ್ಲ."

ವೆಂಕಟಗಿರಿಯ ಕೈ ನಿಂತಿತು. ಮಾಲವಿಕಾ ಆಫೀಸಿನಲ್ಲಿ ಕೆಲಸ ಹೇಳುವವರ ಹಾಗೆ ಚುರುಕಾದಳು.

"ಆಫ್ ಮಾಡಿ. ಈಗ್ಲೇ. ಅಳಿಸಿದ್ದು ಕೆಲವು ಸಲ ವಾಪಸ್ ಬರತ್ತೆ. ಓಡ್ತಾ ಇದ್ರೆ ಅದ್ರ ಮೇಲೆ ಬೇರೇದು ಕೂತ್ಕೊಳ್ಳತ್ತೆ, ಆಮೇಲೆ ಯಾರ ಕೈಲೂ ಆಗಲ್ಲ. ಶ್ರೀಗಂಧದ ಕಾವಲ್‌ನಲ್ಲಿದೀನಿ, ಆಟೋ ಹಿಡೀತೀನಿ. ಏನೂ ಮುಟ್ಬೇಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

ವೆಂಕಟಗಿರಿ ಬಟನ್ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಕಾಪಿ ಮೂವತ್ತೊಂದು ಪರ್ಸೆಂಟ್ ಆಗಿತ್ತು. ನಾನು ಅವನ ಕೈಯನ್ನು ಪಕ್ಕಕ್ಕೆ ಸರಿಸಿದೆ.

"ಆಫ್ ಆಯ್ತಾ ಅತ್ತೆ?"

"ಆಯ್ತಮ್ಮ. ಬಾ" ಎಂದೆ.

ವೆಂಕಟಗಿರಿ ಎದ್ದುಹೋಗಿ, ಅಂಗಡಿಯ ಬಾಗಿಲಲ್ಲಿ ರಸ್ತೆಯ ಕಡೆ ಮುಖ ಮಾಡಿ ನಿಂತ.