ಮುಟ್ಟದ ಕುಸ್ತಿ

ಜರ್ಮನಿಯವನು ಯಾವ ಊರು ಹಿಡಿದ, ಯಾವ ಊರು ಬಿಟ್ಟ ಎಂದು ಕುಷ್ಟಗಿ ಸಂತೆಗೆ ಹೋಗಿ ಬಂದವರು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ಕಾಲವದು. ನಮ್ಮೂರಿಗೆ ಅದರ ಚಿಂತೆ ಇರಲಿಲ್ಲ. ನಮಗೆ ಹಂಪಣ್ಣ ಇದ್ದ.

ಹಂಪಣ್ಣ ನಮ್ಮೂರ ಪೈಲ್ವಾನ. ಒಮ್ಮೆ ಗಂಗಾವತಿಗೆ ಹೋಗಿ ಅಲ್ಲಿಯ ಪೈಲ್ವಾನನನ್ನು ಚಿತ್ ಮಾಡಿ, ಅಂದರೆ ಎರಡೂ ಹೆಗಲು ಮಣ್ಣಿಗೆ ಹತ್ತುವಂತೆ ಕೆಡವಿ ಬಂದಿದ್ದ. ಆ ಪೈಲ್ವಾನನಿಗೆ ಅವತ್ತು ಜ್ವರ ಇತ್ತು ಎಂದು ಗಂಗಾವತಿಯವರು ಹೇಳುತ್ತಾರೆ. ನಾವು ನಂಬುವುದಿಲ್ಲ. ನಂಬಿದರೆ ಅಷ್ಟು ವರ್ಷ ಕೊಟ್ಟ ಹಾಲು ದಂಡವಾಯಿತು ಎಂದು ಒಪ್ಪಬೇಕಾಗುತ್ತದೆ. ಗೆದ್ದು ಬಂದ ದಿನ ಊರ ಬೆಳ್ಳಿ ಕಡಗ ಅವನ ಕೈಗೆ ಬಿತ್ತು. ಕಡಗ ಇದ್ದವನಿಗೆ ಹೈನಿರುವ ಪ್ರತಿ ಮನೆಯೂ ದಿನಾ ಬೆಳಿಗ್ಗೆ ಒಂದು ತಂಬಿಗೆ ಹಾಲು ಕೊಡಬೇಕು, ಅದು ಮುತ್ತಜ್ಜಂದಿರ ಕಾಲದ ಪದ್ಧತಿ. ಅಲ್ಲಿಂದೀಚೆಗೆ ಹಂಪಣ್ಣ ಇನ್ನೊಂದು ಕುಸ್ತಿ ಹಿಡಿಯಲಿಲ್ಲ. ಹಾಲು ಕುಡಿಯುವುದರಲ್ಲಿ ಅವನಿಗೆ ಪುರಸೊತ್ತೇ ಇರಲಿಲ್ಲ. ಎದೆಯಲ್ಲಿದ್ದದ್ದು ಮೆಲ್ಲಗೆ ಹೊಟ್ಟೆಗೆ ಇಳಿಯಿತು. ಮೀಸೆ ಮಾತ್ರ ಇದ್ದಲ್ಲೇ ಇತ್ತು.

ಕಳಕಮ್ಮನದು ಒಂದೇ ಎಮ್ಮೆ. ಗಂಡ ತೀರಿಕೊಂಡ ಮೇಲೆ ಆಕೆ ದೊಡ್ಡಬಸಪ್ಪಗೌಡರ ಮನೆಯಲ್ಲಿ ಕೂಲಿಗೆ ಹೋಗುತ್ತಿದ್ದಳು. ಸುಗ್ಗಿ ಬಂತೆಂದರೆ ಕಣದಿಂದ ಜೋಳದ ಚೀಲಗಳನ್ನು ಬೆನ್ನ ಮೇಲೆ ಹೊತ್ತು ತಂದು ಗೌಡರ ಹಗೇವಿಗೆ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗೆ ಸುರಿಯುವುದು ಆಕೆಯ ಕೆಲಸ. ಗಂಡಾಳುಗಳು ಇಬ್ಬರು ಹಿಡಿಯುವ ಚೀಲವನ್ನು ಆಕೆ ಒಬ್ಬಳೇ ಹೊರುತ್ತಿದ್ದಳು. ಕೂಲಿ ಮಾತ್ರ ಹೆಣ್ಣಾಳಿನದು.

ಆ ವರ್ಷ ಎಮ್ಮೆಯ ಹಾಲು ಬತ್ತುತ್ತಾ ಬಂದು ದಿನಕ್ಕೆ ಒಂದೇ ತಂಬಿಗೆಗೆ ನಿಂತಿತು. ಅದು ಹಂಪಣ್ಣನ ಪಾಲು. ಮನೆಯಲ್ಲಿ ಮೊಮ್ಮಗಳು ಹೊಳಿಯಮ್ಮ ಜ್ವರದಿಂದ ಆಗಷ್ಟೇ ಎದ್ದಿದ್ದಳು. ಮೂರು ವರ್ಷದ ಕೂಸು, ಕಾಲು ಕಡ್ಡಿಯಾಗಿ, ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿತ್ತು. ಹಾಲು ಹೊಟ್ಟೆಗೆ ಬಿದ್ದರೆ ಉಳಿಯುತ್ತದೆ ಎಂದು ಸೂಲಗಿತ್ತಿ ಹಜರತಬೀ ಹೇಳಿದ್ದಳು. ಬೀಳದಿದ್ದರೆ ಏನು ಎಂಬುದನ್ನು ಆಕೆ ಹೇಳಲಿಲ್ಲ, ಕಳಕಮ್ಮ ಕೇಳಲಿಲ್ಲ.

ಕಳಕಮ್ಮ ಗೌಡರ ಮನೆಗೆ ಹೋದಳು. ಹಂಪಣ್ಣನೂ ಅಲ್ಲೇ ಪಡಸಾಲೆಯಲ್ಲಿ ಕೂತಿದ್ದ.

"ಗೌಡ್ರ, ಎಮ್ಮಿ ಈಯೂ ತನಕ ನಮ್ಮ ಮನಿ ಹಾಲು ಬಿಟ್ಟುಬಿಡ್ರಿ. ಕೂಸು ಕೈ ಬಿಡೂ ಹಂಗ ಐತಿ."

"ಅದು ನನ್ನ ಕೈಯಾಗ ಇಲ್ಲವಾ," ಎಂದರು ಗೌಡರು. "ಅದು ಕಡಗದ ಹಾಲು. ಕಡಗ ಇದ್ದಾವ ಬೇಕಾದ್ರ ಬಿಡಬೇಕು."

"ಇವತ್ತು ಒಂದು ಮನಿ ಬಿಟ್ರ ನಾಳೆ ಊರ ಕೂಸೆಲ್ಲಾ ಜಡ್ಡು ಬೀಳ್ತಾವ," ಎಂದು ಹಂಪಣ್ಣ ಮೀಸೆಯ ಮೇಲಿನ ಕೆನೆ ಒರೆಸಿಕೊಂಡ.

"ಹಂಗಾರ ಆ ಕಡಗ ಯಾರಿಗೆ ಹೋಗತೈತ್ರಿ?"

ಗೌಡರಿಗೆ ನಗು ಬಂತು. "ಇವನ್ನ ಚಿತ್ ಮಾಡಿದವರಿಗೆ. ಮಾಡ್ತಿ ಏನು?"

ಕಳಕಮ್ಮ ನಗಲಿಲ್ಲ. ಬೆಳಗಿನ ಹಾಲು ಕೊಟ್ಟು ಬಾಗಿಲ ಬಳಿ ಬಿಟ್ಟಿದ್ದ ತನ್ನ ಖಾಲಿ ತಂಬಿಗೆ ಎತ್ತಿಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಗರಡಿಮನೆಯ ಹೊಸ್ತಿಲ ಮೇಲೆ ಎಲೆ ಅಡಿಕೆ ಕೂತಿತ್ತು. ಪೈಲ್ವಾನನನ್ನು ಕೆಣಕುವವರು ಹೀಗೆ ವೀಳ್ಯ ಇಡುತ್ತಾರೆ, ಒಪ್ಪಿದವನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಎಷ್ಟೋ ವರ್ಷದ ಮೇಲೆ ವೀಳ್ಯ ಬಂದಿದೆಯೆಂದು ಜನ ಸೇರಿದರು. ಗಂಗಾವತಿಯವನೇ ಮತ್ತೆ ಬಂದಿರಬೇಕೆಂದು ಒಬ್ಬ, ಯಲಬುರ್ಗಾದಿಂದ ಹೊಸಬ ಬಂದಿರಬೇಕೆಂದು ಇನ್ನೊಬ್ಬ. ಹಂಪಣ್ಣ ಬಂದ, ಜನರನ್ನು ನೋಡಿದ, ಎದೆ ಉಬ್ಬಿಸಿದ. ಯಾರು ಇಟ್ಟರು ಎಂದು ಕೇಳುವುದು ಅಂಜುಬುರುಕರ ಕೆಲಸ. ಎತ್ತಿ ಬಾಯಿಗೆ ತುರುಕಿ ಅಗಿದು ನುಂಗಿದ ಮೇಲೆಯೇ ಕೇಳಿದ.

"ಯಾವನಲೇ ಅಂವಾ? ಮುಂದ ಬಾ."

"ನಾನಪಾ," ಎಂದು ಕಳಕಮ್ಮ ಮುಂದೆ ಬಂದಳು. "ಯಾವಾಗ ಹಿಡಿಯೂಣು?"

ಹಂಪಣ್ಣ ಕೆಮ್ಮಿ ಕೆಮ್ಮಿ ಉಗುಳಿದ. ಏನೂ ಹೊರಗೆ ಬರಲಿಲ್ಲ.

ಮಧ್ಯಾಹ್ನವೇ ಪಂಚರು ಕೂತರು. ಗೌಡರು, ಊರ ಲೆಕ್ಕ ಬರೆಯುವ ಪಟವಾರಿ ರಾಘಪ್ಪ, ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಮೌಲಾಸಾಬ, ಮತ್ತೆ ಮಾತಾಡಲು ಬರುವ ಎಲ್ಲ ಗಂಡಸರು. ಗಂಡು ಹೆಣ್ಣು ಕುಸ್ತಿ ಹಿಡಿಯಬಹುದೇ ಎಂಬುದರ ಮೇಲೆ ನಮ್ಮೂರಲ್ಲಿ ಇಷ್ಟು ವಿದ್ವಾಂಸರಿದ್ದಾರೆಂದು ಅವತ್ತೇ ಗೊತ್ತಾಗಿದ್ದು. ಹೆಣ್ಣಿನ ಎಲುಬು ಮೆದು, ಹಿಡಿದರೆ ಮುರಿಯುತ್ತದೆ ಎಂದ ಒಬ್ಬ. ಅವನ ಮನೆಯ ಬೀಸುವ ಕಲ್ಲನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ಗರಡಿಯ ಕೆಮ್ಮಣ್ಣಿಗೆ ಹೆಣ್ಣು ಕಾಲಿಟ್ಟರೆ ಮೈಲಿಗೆ ಎಂದ ಇನ್ನೊಬ್ಬ. ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊಸ್ತಿಲ ತನಕ ತರುವವರೂ, ಅದಕ್ಕೆ ಕಲಸುವ ಮಜ್ಜಿಗೆ ಕಡೆಯುವವರೂ ಯಾರೆಂದು ಅವನನ್ನು ಯಾರೂ ಕೇಳಲಿಲ್ಲ.

"ಗೆದ್ರ ಹೆಂಗಸನ್ನ ಕೆಡವಿದ ಅಂತಾರ," ಎಂದು ಪಟವಾರಿ ತಲೆ ಹಿಡಿದುಕೊಂಡ. "ಸೋತ್ರ ಅಂತೂ ಕೊಪ್ಪಳದ ತನಕ ಹಾಡು ಕಟ್ಟತಾರ."

"ನಾ ಏನ್ ಸೋಲ್ತೀನಿ?" ಎಂದ ಹಂಪಣ್ಣ. "ಪರಹೆಂಗಸಿನ ಮೈ ಮುಟ್ಟಬಾರದು ಅಂತ ಬಿಟ್ಟೀನಿ ಅಷ್ಟ."

"ಕುಸ್ತಿಗೆ ಎರಡು ಹೆಗಲು ಮಣ್ಣಿಗೆ ಹತ್ತಿದ್ವಾ ಇಲ್ಲಾ ಅನ್ನೂದು ಒಂದಽ ಗೊತ್ತು," ಎಂದ ಮೌಲಾಸಾಬ. ಆ ಮುದುಕನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವೀಳ್ಯ ನುಂಗಿದ ಮೇಲೆ ಹಿಂದೆ ಸರಿದರೆ ಕಡಗ ಹೋಗುತ್ತದೆ. ಹಾಗಾಗಿ ಪಟವಾರಿಯೇ ತಲೆ ಓಡಿಸಿ ದಾರಿ ಹುಡುಕಿದ. ಕುಸ್ತಿ ಆಗಲಿ, ಆದರೆ ಮುಟ್ಟದೆ ಆಗಲಿ. ಗರಡಿಯ ಹೊರಗೆ, ಬಯಲಲ್ಲಿ, ಇಬ್ಬರೂ ಎದುರುಬದುರು ನಿಲ್ಲುವುದು. ಮೊದಲು ಯಾರು ಕೂಡುತ್ತಾರೋ, ಬೀಳುತ್ತಾರೋ ಅವರು ಸೋತಂತೆ. ಹೊತ್ತು ಏರುವುದರೊಳಗೆ ಆಕೆ ರೊಟ್ಟಿ ಬಡಿಯಲು ಮನೆಗೆ ಹೋಗೇ ಹೋಗುತ್ತಾಳೆ ಎಂಬುದು ಅವನ ಲೆಕ್ಕ. ಮುಟ್ಟದ ಕುಸ್ತಿ, ಒದ್ದೆಯಾಗದ ಈಜು, ನಮ್ಮೂರ ಪಂಚರಿಗೆ ಎಲ್ಲವೂ ಸಾಧ್ಯ.

"ಗೆದ್ರ ಕಡಗ ಕೊಡ್ತೀರಿಲ್ಲೋ?" ಎಂದು ಕಳಕಮ್ಮ ಕೇಳಿದಳು.

"ಕೊಡ್ತೀವಿ ಬಿಡು," ಎಂದರು ಗೌಡರು.

ಮರುದಿನ ಹೊತ್ತು ಮೂಡಿದಾಗ ನಿಂತರು. ಹಂಪಣ್ಣ ಬಾದಾಮಿ ಅರೆದ ಹಾಲು ಕುಡಿದು, ಮೈಗೆ ಎಣ್ಣೆ ತಿಕ್ಕಿಕೊಂಡು, ಲಂಗೋಟಿ ಬಿಗಿದು ಬಂದ. ಕಳಕಮ್ಮ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಹಂಪಣ್ಣ ತೊಡೆ ತಟ್ಟಿದ. ಕಳಕಮ್ಮ ಸುಮ್ಮನೆ ನಿಂತಳು. ಇಡೀ ದಿನ ಜೋಳ ಕೊಯ್ಯುವವರು ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾರಲ್ಲ, ಹಾಗೆ. ಆಕೆಗೆ ಅದೊಂದು ವಿಶ್ರಾಂತಿಯೇ ಇದ್ದೀತು.

ಬಿಸಿಲು ಏರಿತು. ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಯ ನೆರಳಿಗೆ ನಿಂತರು, ಅವತ್ತು ಯಾವ ಮನೆಯಲ್ಲೂ ರೊಟ್ಟಿ ಬಡಿಯಲಿಲ್ಲ. ಹಂಪಣ್ಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದ. ಎಣ್ಣೆ ಬೆವರಾಗಿ ಇಳಿಯಿತು, ಮೀಸೆಯೂ ಜೋತುಬಿತ್ತು. ಹೊಟ್ಟೆಯಲ್ಲಿ ಬಾದಾಮಿ ಹಾಲು ತನ್ನ ಕುಸ್ತಿಯನ್ನು ತಾನೇ ಆಡುತ್ತಿತ್ತು. ಕಳಕಮ್ಮನ ಕಣ್ಣು ಅವನ ಮೇಲೆ ಇರಲಿಲ್ಲ. ಹಜರತಬೀಯ ತೊಡೆಯ ಮೇಲೆ ಮಲಗಿದ್ದ ಕೂಸಿನ ಮೇಲೆ ಇತ್ತು. ಅದನ್ನು ನೋಡಿದ ಮೇಲೆ, ಇಷ್ಟು ಹೊತ್ತು ನಗುತ್ತಿದ್ದ ನಾವು ನಗುವುದನ್ನು ಬಿಟ್ಟೆವು.

ನಡುಹೊತ್ತಿಗೆ ಹಂಪಣ್ಣನ ಮೊಣಕಾಲು ಮಡಚಿತು. ಅವನು ಮಗ್ಗುಲಾಗಿ ಉರುಳಿ, ಕಣ್ಣು ಮುಚ್ಚಿ ಬಿದ್ದ.

ಹೆಂಗಸರ ಕಡೆಯಿಂದ ಸದ್ದು ಏಳುವ ಮೊದಲೇ ಪಟವಾರಿ ಕೈ ಎತ್ತಿದ. "ಸುಮ್ಮನಿರ್ರಿ. ಇದು ಕುಸ್ತಿ ಅಲ್ಲ. ಮುಟ್ಟದ ಕುಸ್ತಿ ಎಲ್ಲೆರ ಆಗತೈತೇನು? ಮಣ್ಣಿಲ್ಲ, ಹಿಡಿತಿಲ್ಲ, ಹೆಗಲು ಹತ್ತಿಲ್ಲ. ಕಡಗ ಇದ್ದಲ್ಲೇ ಇರಲಿ."

"ಖರೇ ಐತಿ," ಎಂದರು ಗೌಡರು.

ಅವರು ಮಾತಾಡುತ್ತಲೇ ಇದ್ದರು. ಬಿದ್ದವನು ಬಿಸಿಲಲ್ಲಿ ಬಿದ್ದೇ ಇದ್ದ, ಎತ್ತಬೇಕೆಂದು ಒಬ್ಬ ಗಂಡಸಿಗೂ ಹೊಳೆಯಲಿಲ್ಲ. ಕಳಕಮ್ಮ ಹತ್ತಿರ ಹೋದಳು. ಬಗ್ಗಿ, ರಟ್ಟೆಗೆ ಕೈ ಹಾಕಿ, ಚೀಲ ಎತ್ತುವ ಹಾಗೆ ಹಂಪಣ್ಣನನ್ನು ಬೆನ್ನಿಗೆ ಹಾಕಿಕೊಂಡಳು.

"ಏ, ಎಲ್ಲಿಗೆ?" ಎಂದು ಗೌಡರು ಎದ್ದರು.

"ನೆರಳಿಗ್ರಿ. ಸಾಯ್ತಾನ ಅಂವಾ."

ಹತ್ತಿರದ ನೆರಳೆಂದರೆ ಗರಡಿ. ಆಕೆ ಹೊಸ್ತಿಲು ದಾಟಿದಳು, ಕೆಮ್ಮಣ್ಣಿನ ಕಣಕ್ಕೆ ಇಳಿದಳು, ಹಂಪಣ್ಣನನ್ನು ಮೆಲ್ಲಗೆ ಅಂಗಾತ ಮಲಗಿಸಿದಳು. ಒಂದು ಹೆಗಲು ಮಣ್ಣಿಗೆ ಹತ್ತಿತು. ಆಮೇಲೆ ಇನ್ನೊಂದು.

"ಚಿತ್," ಎಂದ ಮೌಲಾಸಾಬ.

ಆ ಮುದುಕ ಬೇಕಂತ ಅಂದನೋ, ಜೀವಮಾನವೆಲ್ಲ ಅಂದು ರೂಢಿಯಾದ ಬಾಯಿ ತಾನೇ ಅಂದಿತೋ ಅವನೇ ಬಲ್ಲ. ಗರಡಿಯಲ್ಲಿ ವಸ್ತಾದನ ಬಾಯಿಂದ ಚಿತ್ ಬಿದ್ದ ಮೇಲೆ ನಿಜಾಮರೂ ಅದನ್ನು ತಿರುಗಿಸಲಾರರು.

"ಈಗ ಮುಟ್ಟೀನ್ರಿ," ಎಂದಳು ಕಳಕಮ್ಮ, ಪಟವಾರಿಯ ಕಡೆ ತಿರುಗಿ. "ಮಣ್ಣೂ ಐತಿ, ಹೆಗಲೂ ಹತ್ತ್ಯಾವ. ಮತ್ತೇನರ ಬೇಕೇನು?"

ಹಂಪಣ್ಣ ಕಣ್ಣು ಬಿಡುವ ಹೊತ್ತಿಗೆ ಕಡಗ ಅವನ ಕೈಯಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಹಾಲಿನ ತಂಬಿಗೆ ಹಿಡಿದು ಕಳಕಮ್ಮನ ಬಾಗಿಲಿಗೆ ಬಂದರು. "ನಿಮ್ಮ ನಿಮ್ಮ ಕೂಸುಗಳಿಗೆ ಕುಡಿಸ್ರೆವಾ," ಎಂದು ಆಕೆ ಎಲ್ಲರನ್ನೂ ಹಿಂದಕ್ಕೆ ಕಳಿಸಿದಳು. ತನ್ನ ಎಮ್ಮೆಯ ಒಂದು ತಂಬಿಗೆ ತನ್ನ ಮನೆಯಲ್ಲೇ ಉಳಿಯಿತು.

ಪಂಚರೂ ಸುಮ್ಮನಿರಲಿಲ್ಲ. ಮತ್ತೆ ಕೂತು, ಇನ್ನು ಮುಂದೆ ಗಂಡು ಹೆಣ್ಣು ಕುಸ್ತಿ ಹಿಡಿಯಕೂಡದು, ಹೆಣ್ಣಿನ ವೀಳ್ಯ ಎತ್ತಕೂಡದು ಎಂದು ಠರಾಯಿಸಿ, ಊರಲ್ಲಿ ಡಂಗುರ ಸಾರಿಸಿದರು. ಕಾರಣವನ್ನೂ ಸಾರಿಸಿದರು: ಹೆಂಗಸರ ಮೈ ನಾಜೂಕು, ಪೆಟ್ಟಾದೀತು. ಆ ಹೊತ್ತಿಗೆ ಹಂಪಣ್ಣ ಮನೆಯಲ್ಲಿ ಬೋರಲು ಮಲಗಿ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.

ಕಳಕಮ್ಮ ಡಂಗುರವನ್ನು ಪೂರ್ತಿ ಕೇಳಿಸಿಕೊಂಡಳು.

ವಾರದೊಳಗೆ ಮೋಡ ಕಟ್ಟಿತು. ಗೌಡರ ಜೋಳದ ಚೀಲಗಳು ಇನ್ನೂ ಕಣದಲ್ಲೇ ಇದ್ದವು. ಮಳೆ ಹನಿಸಿದರೆ ಜೋಳ ಕಪ್ಪಾಗುತ್ತದೆಂದು ಗೌಡರೇ ಓಡೋಡಿ ಬಂದು ಕಳಕಮ್ಮನ ಬಾಗಿಲಲ್ಲಿ ನಿಂತರು.

"ಕಳಕವ್ವಾ, ಲಗೂನ ಬಾರವಾ. ಚೀಲ ಹೊರಬೇಕು."

"ಹೆಂಗ ಬರ್ಲಿ ಗೌಡ್ರ? ನೀವಽ ಸಾರಿಸೀರಿ. ಹೆಂಗಸರ ಮೈ ನಾಜೂಕು, ಪೆಟ್ಟಾಗತೈತಿ."

ಬೇರೆ ಹೆಂಗಸರನ್ನು ಕರೆದರು. ಅವರೂ ಡಂಗುರ ಕೇಳಿದ್ದರು, ಒಬ್ಬಳೂ ಹೊರಡಲಿಲ್ಲ.

ಸಂಜೆಯ ತನಕ ಗೌಡರು, ಪಟವಾರಿ, ಹಂಪಣ್ಣ ಮೂವರೂ ಸೇರಿ ಒಂದೊಂದೇ ಚೀಲ ಎಳೆದು ತಂದರು. ಚೀಲಕ್ಕೊಮ್ಮೆ ಕೂತು ಏದುಸಿರು ಬಿಟ್ಟರು. ಕಳಕಮ್ಮ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲಿನ ಹೊಳಿಯಮ್ಮನಿಗೆ ಹಾಲು ಕುಡಿಸುತ್ತಾ ಅದನ್ನೆಲ್ಲ ನೋಡಿದಳು. ಹನಿ ಬೀಳತೊಡಗಿದವು. ಆಕೆ ಎದ್ದು, ಎಮ್ಮೆಯನ್ನು ಬಿಚ್ಚಿ ಒಳಗೆ ಕಟ್ಟಿದಳು.