ಒಂದನೇ ನಂಬರಿನ ಹುಡುಗಿ

ಸಂಪತ್ ಕುಮಾರ ಮೇಷ್ಟ್ರು ನಿವೃತ್ತಿಯಾದ ಮೇಲೆ ಮಂಡ್ಯದಲ್ಲಿ ವಧು-ವರರ ಮಾಹಿತಿ ಕೇಂದ್ರ ತೆರೆದರು. ಕೇಂದ್ರವೆಂದರೆ ಒಂದು ಬೀರು, ಅದರೊಳಗೆ ಎರಡು ದಪ್ಪ ರಿಜಿಸ್ಟರು. ಹತ್ತು ವರ್ಷದಲ್ಲಿ ಗಂಡುಗಳ ರಿಜಿಸ್ಟರು ನಾಲ್ಕಾಯಿತು; ಹೆಣ್ಣುಗಳದು ಅರ್ಧಕ್ಕೇ ನಿಂತಿತು. ತಪ್ಪು ಪುಸ್ತಕದ್ದೇ ಇರಬೇಕೆಂದು ತೀರ್ಮಾನಿಸಿದ ಮೇಷ್ಟ್ರು ಎಲ್ಲವನ್ನೂ ವೆಬ್‌ಸೈಟಿಗೆ ಹಾಕಿಸಲು ಹೊಳಲಿನ ರೂಪಳನ್ನು ಕರೆಸಿದರು.

ರೂಪಳಿಗೆ ಇಪ್ಪತ್ತೇಳು. ದಿನಾ ಸ್ಕೂಟರಿನಲ್ಲಿ ಮಂಡ್ಯಕ್ಕೆ ಬಂದು ಶಾಲೆಗಳಿಗೆ, ಕ್ಲಿನಿಕ್ಕುಗಳಿಗೆ ಸೈಟು ಕಟ್ಟಿಕೊಡುತ್ತಿದ್ದಳು. ಅಚ್ಚುಕಟ್ಟು ಅವಳ ದೊಡ್ಡ ಹೆಮ್ಮೆ. ಎಲ್ಲವನ್ನೂ ಒಂದೇ ಫೈಲಿಗೆ ತುರುಕಿದ ಪ್ರೋಗ್ರಾಮು ಕಂಡರೆ, ಮುಸುರೆ ಪಾತ್ರೆ ಬಿದ್ದಿರುವ ಅಡುಗೆಮನೆಗೆ ಕಾಲಿಟ್ಟ ಹಾಗಾಗುತ್ತಿತ್ತು ಅವಳಿಗೆ.

"ಮೂರು ಭಾಗ ಸಾರ್," ಎಂದು ಮೊದಲ ದಿನವೇ ವಿವರಿಸಿದಳು. "ಮಾಹಿತಿ ಇರೋ ಬೀರು ಮಾಡೆಲ್. ಜನ ನೋಡೋ ಪುಟ ವ್ಯೂ. ಯಾರಿಗೆ ಏನು ತೋರಿಸಬೇಕು ಅಂತ ಮಧ್ಯೆ ನಿಂತು ತೀರ್ಮಾನ ಮಾಡೋದು ಕಂಟ್ರೋಲರ್. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕೋ ಹಾಗಿಲ್ಲ."

"ಅಂದ್ರೆ ಕಂಟ್ರೋಲರ್ ನಾನು."

"ಇಲ್ಲ ಸಾರ್. ಅದೂ ಪ್ರೋಗ್ರಾಮೇ."

ಮೇಷ್ಟ್ರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ.

ಎರಡು ತಿಂಗಳಲ್ಲಿ ಸೈಟು ಸಿದ್ಧವಾಯಿತು. ಪರೀಕ್ಷೆಗೆಂದು ಒಂದು ಹೆಣ್ಣಿನ ವಿವರ ಬೇಕಾಗಿತ್ತು. ರೂಪ ತನ್ನದೇ ಹೆಸರು, ಓದು, ಫೋಟೊ ಹಾಕಿ ಒಂದನೇ ನಂಬರಾದಳು. ಅರ್ಜಿಯಲ್ಲಿ 'ರೈತ ಬೇಡ' ಎಂದೊಂದು ಚೌಕವಿತ್ತು. ಅದಕ್ಕೆ ಗುರುತು ಹಾಕಿದ ಹುಡುಗಿ ರೈತರಿಗೆ ಕಾಣುವುದಿಲ್ಲ, ರೈತರು ಅವಳಿಗೆ ಕಾಣುವುದಿಲ್ಲ. ಮೊದಲ ಗುರುತು ಹಾಕಿದವಳೂ ರೂಪಳೇ. ಚೌಕ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಿತ್ತು, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು.

ಎರಡು ವಾರದಲ್ಲಿ ನಾನ್ನೂರು ಹುಡುಗರೂ ಅರವತ್ತು ಹುಡುಗಿಯರೂ ನೋಂದಾಯಿಸಿದರು. ಹಿಂದೆಯೇ ಫೋನುಗಳು ಬರತೊಡಗಿದವು. ಮದ್ದೂರಿನಿಂದ, ಮಳವಳ್ಳಿಯಿಂದ, ಸೋಮನಹಳ್ಳಿಯಿಂದ ಒಂದೇ ದೂರು: ಹೆಣ್ಣುಗಳ ಪುಟ ಖಾಲಿ. ರೂಪ ಒಂದಿಡೀ ದಿನ ಪ್ರೋಗ್ರಾಮನ್ನು ಜಾಲಾಡಿದಳು. ತಪ್ಪು ಎಲ್ಲೂ ಇರಲಿಲ್ಲ. ಹುಡುಗರಲ್ಲಿ ಮುಕ್ಕಾಲು ಪಾಲು ರೈತರು. ಅರವತ್ತು ಹುಡುಗಿಯರೂ ಚೌಕಕ್ಕೆ ಗುರುತು ಹಾಕಿದ್ದರು. ಸೈಟು ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುತ್ತಿತ್ತು.

"ಹಂಗಾದ್ರೆ ರೈತ ಅನ್ನೋದನ್ನ ಕೃಷಿ ಉದ್ಯಮಿ ಅಂತ ಮಾಡಮ್ಮ," ಎಂದರು ಮೇಷ್ಟ್ರು.

ವ್ಯೂನಲ್ಲಿ ಐದು ನಿಮಿಷದ ಕೆಲಸ. ಮುನ್ನೂರು ಉದ್ಯಮಿಗಳು ಒಟ್ಟಿಗೆ ಹುಟ್ಟಿದರು. ಪುಟ ಮಾತ್ರ ಖಾಲಿಯಾಗಿಯೇ ಉಳಿಯಿತು. ಕಂಟ್ರೋಲರು ನೋಡುತ್ತಿದ್ದುದು ಬೀರುವಿನೊಳಗಿನ ಮಾತನ್ನು, ಮೇಲಿನ ಚೀಟಿಯನ್ನಲ್ಲ.

"ನಿನ್ ಕಂಟ್ರೋಲರ್ ಬಹಳ ಹಟಮಾರಿ," ಎಂದರು ಮೇಷ್ಟ್ರು. ರೂಪ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು.

ಸೋಮವಾರ ಬಸರಾಳಿನಿಂದ ಹೊಂಬಾಳಮ್ಮ ಎಂಬಾಕೆ ಬಂದರು. ಐವತ್ತೈದರ ಗಟ್ಟಿ ಹೆಂಗಸು. ಕೈಯಲ್ಲಿ ಮಗನ ಫೋನು. ಬಾಗಿಲಲ್ಲೇ ನಿಂತು ರೂಪಳನ್ನು ದಿಟ್ಟಿಸಿದರು.

"ಒಂದ್ನೇ ನಂಬರ್ ಹುಡ್ಗಿ ನೀನೇ ಅಲ್ವೇನವ್ವ?"

"ನನ್ನ ಪುಟ ನಿಮಗೆ ಹೇಗೆ ಕಾಣಿಸ್ತು?"

"ಮ್ಯಾಲ್ಗಡೆ ಇಂಗ್ಲೀಸಲ್ಲಿ ಉದ್ದಕ್ಕೆ ಏನೋ ಬರ್ದಿತ್ತು. ಕೊನೇಲಿ ನನ್ ಮಗನ್ ನಂಬರು. ಅದ ಅಳಿಸ್ಬುಟ್ಟು ಒಂದು ಅಂತ ಒತ್ದೆ, ನೀನ್ ಬಂದೆ. ಎಲ್ಡು ಅಂದೆ, ಇನ್ನೊಬ್ಳು ಬಂದ್ಳು. ಮದ್ಯಮದ್ಯ ಗಂಡೈಕ್ಳು ಬತ್ತವೆ, ಅವ್ರ ದಾಟ್ಕಂಡು ಮುಂದುಕ್ ಹೋದೆ. ಅರವತ್ತೂ ನೋಡಿವ್ನಿ."

ರೂಪಳಿಗೆ ತಪ್ಪು ಎಲ್ಲಿದೆಯೆಂದು ಹೊಳೆಯಿತು. ಪಟ್ಟಿ ತೋರಿಸುವಾಗ ಕಂಟ್ರೋಲರು ಎಲ್ಲರನ್ನೂ ತಡೆದು ವಿಚಾರಿಸುತ್ತಿತ್ತು. ಪುಟದ ವಿಳಾಸದಲ್ಲಿ ನಂಬರು ಬದಲಿಸಿ ಒಬ್ಬೊಬ್ಬರ ಪುಟ ನೇರವಾಗಿ ತೆರೆಯುವಾಗ ವಿಚಾರಿಸು ಎಂದು ಅದಕ್ಕೆ ಹೇಳುವುದನ್ನೇ ಅವಳು ಮರೆತಿದ್ದಳು. ಮುಂಬಾಗಿಲಿಗೆ ಬೀಗ ಜಡಿದಿದ್ದರೂ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಆ ಪುಟಗಳಲ್ಲಿ ಹುಡುಗಿಯರ ವಿಳಾಸ, ಫೋನ್ ನಂಬರು ಎಲ್ಲ ಇದ್ದವು.

ಹೊಂಬಾಳಮ್ಮ ಕುರ್ಚಿ ಎಳೆದು ಕೂತರು. "ನನ್ ಮಗ ಪುನೀತ. ಗದ್ದೆ ಅದೆ, ಮೂರ್ ಹಸ ಅವೆ. ಬ್ಯಾಡ ಅಂದೆಯಲ್ಲ, ಯಾಕವ್ವ?"

"ಅವರ‍್ನ ಬೇಡ ಅಂದಿಲ್ಲ ಅಮ್ಮ. ರೈತ ಬೇಡ ಅಂತ…"

"ನಿಮ್ಮಪ್ಪ ಏನ್ ಮಾಡ್ತಾರೆ?"

"ಬೇಸಾಯ."

"ಸರಿ ಬುಡು. ಅದ್ಕೇ ಎಲ್ಲ ಗೊತ್ತದೆ ನಿಂಗೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಏನ್ ಗೊತ್ತದೆ ಹೇಳು. ಬಯ್ಯಕ್ಕಿಲ್ಲ."

ರೂಪ ತಡವರಿಸಿದಳು. "ನಮ್ಮವ್ವನ್ನ ನೋಡಿದ್ದೀನಲ್ಲ. ಬೆಳಗ್ಗೆ ಐದಕ್ಕೆ ಎದ್ರೆ ಹಸು, ಸಗಣಿ, ಆಳುಗಳಿಗೆ ಅಡುಗೆ. ಮಂಡ್ಯಕ್ಕೆ ಬರಬೇಕಾದ್ರೂ ಅಪ್ಪನ್ನ ಕೇಳಬೇಕು."

"ಅದು ಬ್ಯಾಸಾಯ ಅಲ್ಲ ಕಣವ್ವ. ಅದು ಮನೆ," ಎಂದು ಹೊಂಬಾಳಮ್ಮ ಎದ್ದರು.

ಅವತ್ತೇ ರೂಪ ಆ ಕಿಂಡಿ ಮುಚ್ಚಿದಳು, ಬೀರುವಿನಿಂದ ತನ್ನ ವಿವರವನ್ನೂ ಅಳಿಸಿದಳು. ಮರುದಿನ ಮತ್ತೆ ಫೋನು. ಈ ಸಲ ಹುಡುಗರ ತಾಯಂದಿರು: "ನಂಬರ್ ಒತ್ತುದ್ರೆ ಏನೂ ಬತ್ತಿಲ್ವಲ್ಲ?" ಹೊಂಬಾಳಮ್ಮ ನೆಂಟರಿಷ್ಟರಿಗೆಲ್ಲ ವಿದ್ಯೆ ಕಲಿಸಿಬಿಟ್ಟಿದ್ದರು. ಅದರಿಂದಲೇ ಎರಡು ಕಡೆ ಮಾತುಕತೆ ಶುರುವಾಗಿದೆ ಎಂದೂ ತಿಳಿಯಿತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಸರಿ ಇದ್ದಾಗ ಒಂದೂ ಕೂಡಲಿಲ್ಲ, ಕೆಟ್ಟಾಗ ಎರಡು ಕೂಡ್ತಾ ಇವೆ. ಆ ತಪ್ಪನ್ನ ವಾಪಸ್ ಹಾಕೋಕಾಗಲ್ವೇನಮ್ಮ?"

"ನಿಮ್ಮ ರಿಜಿಸ್ಟರನ್ನ ಬೀದೀಲಿ ಇಟ್ಟು ಬರ್ತಿದ್ರಾ ಸಾರ್?"

ಮೇಷ್ಟ್ರು ಫೋನನ್ನು ಅವಳ ಕಡೆ ಸರಿಸಿದರು.

ಅರವತ್ತು ಮನೆಗೂ ಅವಳೇ ಫೋನು ಮಾಡಿ ಕ್ಷಮೆ ಕೇಳಿದಳು. ಇಬ್ಬರು ಹೆಸರು ವಾಪಸ್ ಪಡೆದರು. ಮಳವಳ್ಳಿಯ ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಕೆಲಸ ಮಾಡುವ ಚಂದನ ಹತ್ತು ನಿಮಿಷ ಸರಿಯಾಗಿ ಬೈದಳು. ಬೈಗುಳ ಮುಗಿದ ಮೇಲೆ ರೂಪ, "ರೈತ ಯಾಕೆ ಬೇಡ ಅಂದ್ರಿ?" ಎಂದಳು.

"ರೈತ ಆದ್ರೆ ನಂಗೇನ್ರಿ? ಕೆಲಸ ಬಿಡು ಅಂತಾರೆ. ನಾನು ಓದಿದ್ದು ಹಾಲು ಕರೆಯೋಕಾ?"

ಉಳಿದವರ ಉತ್ತರವೂ ಸುತ್ತಿ ಬಳಸಿ ಅಲ್ಲಿಗೇ ಬಂತು. ರೂಪ ಚೌಕವನ್ನು ಕಿತ್ತುಹಾಕಿದಳು. ಬದಲಿಗೆ ಹುಡುಗರ ಅರ್ಜಿಗೆ ಮೂರು ಪ್ರಶ್ನೆ ಸೇರಿಸಿದಳು: ಹೆಂಡತಿ ಕೆಲಸಕ್ಕೆ ಹೋಗಬಹುದೇ? ಮನೆಯಲ್ಲಿ ಹಾಲು ಕರೆಯುವವರು ಯಾರು? ಅವಳು ಪೇಟೆಗೆ ಹೋಗಬೇಕಾದರೆ ಯಾರನ್ನು ಕೇಳಬೇಕು? ಉತ್ತರಿಸದವರ ಪುಟವನ್ನು ಕಂಟ್ರೋಲರು ಯಾರಿಗೂ ತೋರಿಸುವುದಿಲ್ಲ.

ನಾನ್ನೂರರಲ್ಲಿ ಉತ್ತರ ಬರೆದವರು ಹತ್ತೊಂಬತ್ತು ಜನ. ಅವರಲ್ಲಿ ಐವರು ಮೂರಕ್ಕೂ 'ಅಪ್ಪನನ್ನು ಕೇಳಿ ಹೇಳುತ್ತೇನೆ' ಎಂದು ಬರೆದಿದ್ದರು.

"ಮೊದಲು ಹುಡುಗೀರು ಕಾಣ್ತಿರಲಿಲ್ಲ, ಈಗ ಹುಡುಗರೇ ಮಾಯ," ಎಂದರು ಮೇಷ್ಟ್ರು.

ಹೊಂಬಾಳಮ್ಮ ಈ ಸಲ ಮಗನನ್ನೇ ಕರೆತಂದರು. ಪುನೀತ ಕಂಪ್ಯೂಟರಿನ ಮುಂದೆ ಕೂತು ಮೊದಲ ಪ್ರಶ್ನೆಗೆ 'ಹೋಗಬಹುದು' ಎಂದು ಒತ್ತಿದ. ಎರಡನೆಯದಕ್ಕೆ ಬಂದವನು ತಾಯಿಯ ಕಡೆ ತಿರುಗಿದ.

"ನನ್ ಮೊಕ ಯಾಕ್ಲಾ ನೋಡೀಯೆ? ನಿಂಗೆ ಕೈ ಇಲ್ವಾ?"

ಅವನು 'ನಾನು' ಎಂದು ಬರೆದ. ಮೂರನೆಯದಕ್ಕೆ ಬಹಳ ಹೊತ್ತು ಯೋಚಿಸಿ 'ಬಸ್ ಟೈಮ್ ಕೇಳಬೇಕು' ಎಂದು ಬರೆದ. ಪಕ್ಕದಲ್ಲಿ ನಿಂತು ಓದುತ್ತಿದ್ದ ರೂಪಳಿಗೆ ನಗು ಬಂತು. ಆಮೇಲೆ, ಯಾಕೋ, ನಗು ನಿಂತಿತು. ಅವಳ ಹೆಸರು ಈಗ ಆ ಬೀರುವಿನಲ್ಲಿ ಇರಲಿಲ್ಲ. ಪರೀಕ್ಷೆಗೆ ಹಾಕಿದ್ದನ್ನು ಸೈಟಿನಲ್ಲಿ ಉಳಿಸುವುದು ಅಚ್ಚುಕಟ್ಟಲ್ಲ.

ಎಂಟು ದಿನದಲ್ಲಿ ಚಂದನ ಆ ಉತ್ತರಗಳನ್ನು ಓದಿ ತಾನೇ ಪುನೀತನಿಗೆ ಫೋನು ಮಾಡಿದಳು. ಮಂಡ್ಯದಲ್ಲೇ ಕೆಲಸ ಸಿಕ್ಕ ಮೇಲೆ ಮದುವೆ ಎಂದಳು. ಅವನು ಆಗಲಿ ಎಂದ. ನಾಲ್ಕು ತಿಂಗಳ ಮೇಲೆ ಮದ್ದೂರಿನ ಛತ್ರವೊಂದರಲ್ಲಿ ಧಾರೆಯಾಯಿತು.

ಮೇಷ್ಟ್ರು ಪಂಚೆಯುಟ್ಟು, ಛತ್ರದ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಇದು ಕಂಪ್ಯೂಟರ್ ಕೂಡಿಸಿದ ಮದುವೆ ಎಂದು ಹೇಳುತ್ತಿದ್ದರು. ರೂಪ ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಳು. ಪಕ್ಕದ ಎಲೆಯ ಹೆಂಗಸು ಯಾವೂರು, ಏನು ಕೆಲಸ, ಮದುವೆಯಾಯಿತೇ ಎಂದು ಒಂದಾದ ಮೇಲೊಂದು ಕೇಳಿದರು. ಮೊದಲೆರಡಕ್ಕೆ ಅವಳು ತಕ್ಷಣ ಉತ್ತರ ಕೊಟ್ಟಳು. ಅಷ್ಟರಲ್ಲಿ ಬಡಿಸುವವನು ಒಬ್ಬಟ್ಟು ತಂದ.