ಭಾವ ನುಂಗಿದ ಎರಡಕ್ಷರ

ಕೊರಗಪ್ಪನಿಗೆ ತಮ್ಮನ ಮೇಲೆ ಪ್ರೀತಿ ಹುಟ್ಟಿದ್ದೇ ತಮ್ಮ ಸತ್ತ ಮೇಲೆ. ಬದುಕಿದ್ದಾಗ ಫೋರ್ಟ್ ಪೇಟೆಯ ತನ್ನ ಹೋಟೆಲಿನ ಅಡುಗೆಮನೆಯಿಂದ ಅವನನ್ನು ಕತ್ತು ಹಿಡಿದು ದಬ್ಬಿದವನು ಇದೇ ಪುಣ್ಯಾತ್ಮ. ತಮ್ಮ ಹೋಗಿ ವಿಮಾನದಳದ ಮೆಸ್ಸಿನಲ್ಲಿ ಅಡುಗೆಗೆ ಸೇರಿದ. ಎಪ್ಪತ್ತೊಂದರ ಯುದ್ಧದಲ್ಲಿ ಬಾಂಬು ಬಿದ್ದು ಒಲೆಯ ಮುಂದೆಯೇ ಸತ್ತ.

ಕೂಡಲೇ ಹೋಟೆಲಿನ ಗಲ್ಲಾದ ಹಿಂದೆ ಹಾರ ಹಾಕಿದ ಫೋಟೊ ಬಂತು. ಮೊದಮೊದಲು ಗಿರಾಕಿಗಳಿಗೆ, "ತಮ್ಮ ವಿಮಾನದಳದಲ್ಲಿದ್ದ" ಎನ್ನುತ್ತಿದ್ದ. ಬರಬರುತ್ತ 'ದಳ'ವನ್ನು ನುಂಗಿ ನೀರು ಕುಡಿದು, "ತಮ್ಮ ವಿಮಾನದಲ್ಲಿದ್ದ" ಎಂದ. ಕೇಳಿದವರು ಪೈಲಟ್ ಅಂದುಕೊಂಡರು. ಕೊರಗಪ್ಪನ ಅಂಧೇರಿಯ ಮನೆಯಲ್ಲಿ ಅನ್ನದ ಹಂಗಿಗೆ ಬಿದ್ದಿದ್ದ ತಮ್ಮನ ಹೆಂಡತಿ ಸೇವಂತಿ ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡಳು.

ಮರುವರ್ಷ ಫೋರ್ಟಿನ ಮೈದಾನದಲ್ಲಿ ಯುದ್ಧವಿಮಾನಗಳ ಪ್ರದರ್ಶನ ಬಂತು. ಮಗಳು ವಿನೋದಿನಿಗೆ ಗೋರೆಗಾಂವಿನ ರಮಾನಾಥರ ಮಗನನ್ನು ಗೊತ್ತುಮಾಡುವ ಆಸೆ ಕೊರಗಪ್ಪನಿಗೆ. ಭಾವೀ ಬೀಗರನ್ನು ಹೊಸ ಫಿಯೆಟ್‌ನಲ್ಲಿ ಅಲ್ಲಿಗೆ ಕರೆದೊಯ್ಯಲು ಹೊರಟ. ವೀರಪತ್ನಿಯೆಂದು ತೋರಿಸಲು ಸೇವಂತಿಯನ್ನು ಹಿಂದೆ ಕೂರಿಸಿದ. ರಮಾನಾಥರು ಹತ್ತುವ ಮುಂಚೆಯೇ ಎಚ್ಚರಿಸಿದ: "ಬಾಯಿ ಬಿಟ್ಟು ಸಂಬಂಧ ಹಾಳು ಮಾಡಿದ್ರೆ ನಿನ್ನ ಪೆಟ್ಟಿಗೆ ಬೀದಿಯಲ್ಲಿರ್ತದೆ, ಗೊತ್ತುಂಟಲ್ಲ?"

ದಾರಿಯುದ್ದಕ್ಕೂ ತಮ್ಮನನ್ನು ಹಾರಿಸಿದ್ದೇ ಹಾರಿಸಿದ್ದು. ಮಾಹಿಮ್ ದಾಟುವಾಗ ಒಂದು ಶತ್ರುವಿಮಾನ ಬಿತ್ತು, ವರಳಿಯಲ್ಲಿ ಇನ್ನೊಂದು.

ಮೈದಾನದಲ್ಲಿ ಕೊರಗಪ್ಪ ವಿಮಾನವೊಂದರ ಹೊಟ್ಟೆ ತಟ್ಟಿದ. "ನೋಡಿ ಮಾರಾಯ್ರೆ, ನಮ್ಮ ಹುಡುಗ ಇದ್ದದ್ದು ಇದರಲ್ಲೇ." ಸುತ್ತಲಿನವರಿಗೂ ತಿಳಿಯಲೆಂದು ಅದನ್ನೇ ಹಿಂದಿಯಲ್ಲೂ ಹೇಳಿದ.

ಕಾವಲಿಗಿದ್ದ ಸಮವಸ್ತ್ರದವನು ಗೌರವದಿಂದ ಹತ್ತಿರ ಬಂದ. "ಕೌನ್ ಸಾ ಸ್ಕ್ವಾಡ್ರನ್, ಸೇಠ್?" ಎಂದು ಯಾವ ತುಕಡಿಯೆಂದು ವಿಚಾರಿಸಿದ.

ಸೇಠ್ ಹಿಂದೆ ತಿರುಗಿ ನೋಡಿದ. "ಅವಳಿಗೆ ಗೊತ್ತುಂಟು," ಎಂದು ಸೇವಂತಿಯನ್ನು ಮುಂದೆ ತಳ್ಳಿದ. "ಹೇಳು."

ಸೇವಂತಿಗೆ ಗಂಡನ ಕೈ ನೆನಪಾಯಿತು. ಮುಂಗೈ ತುಂಬ ಎಣ್ಣೆ ಸಿಡಿದ ಕಲೆಗಳಿದ್ದವು. ಆ ಕೈಯನ್ನು ಇವನು ಎರಡನೇ ಸಲ ಹೊರಗೆ ದಬ್ಬುತ್ತಿದ್ದಾನೆ ಅನಿಸಿತು.

"ದಳ," ಎಂದು ರಮಾನಾಥರಿಗೆ ಹೇಳಿದಳು. "ವಿಮಾನದಲ್ಲಿ ಅಲ್ಲ, ವಿಮಾನದಳದಲ್ಲಿ. ಅಡುಗೆಗೆ ಇದ್ರು. ಹೋಟೆಲಿಂದ ಅವರನ್ನು ಓಡಿಸಿದ್ದು ಇವರೇ." ಮತ್ತೆ ಕೊರಗಪ್ಪನ ಕಡೆ ತಿರುಗಿದಳು. "ಭಾವ, ನಿಮ್ಮ ಹೋಟೆಲಲ್ಲಿ ಸೌಟು ಇದ್ರೆ ನೀವು ಸೇಠ್. ಅವರ ಕೈಯಲ್ಲಿ ಇದ್ರೆ ಮಾತ್ರ ನಾಚಿಕೆಯಾ?"

ರಮಾನಾಥರು ಕೊರಗಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾನು ಟ್ಯಾಕ್ಸಿ ಹಿಡೀತೇನೆ," ಎಂದು ಹೊರಟೇಬಿಟ್ಟರು.

"ಮನೆಗೆ ಬಂದ್ರೆ ಕಾಲು ಮುರೀತೇನೆ!" ಕೊರಗಪ್ಪ ಜನರ ಮಧ್ಯೆಯೇ ಕಿರುಚಿದ. "ನಿನಗೆ ಅನ್ನ ಹಾಕುವವರು ಯಾರೆಂತ ನಾನೂ ನೋಡ್ತೇನೆ!"

"ಸೌಟು ಹಿಡಿಯಲಿಕ್ಕೆ ನನಗೂ ಕೈ ಉಂಟು."

ಅಲ್ಲಿಂದ ನೇರ ಹೋಟೆಲಿಗೆ ನಡೆದಳು. ಊಟಕ್ಕೆ ಕೂತವರು ನೋಡುತ್ತಿದ್ದಂತೆಯೇ ಗಂಡನ ಫೋಟೊ ಇಳಿಸಿ ಕಂಕುಳಲ್ಲಿಟ್ಟುಕೊಂಡಳು. ಹಾರವನ್ನು ಮಾತ್ರ ತೆಗೆದು ಗಲ್ಲಾದ ಮೇಲಿಟ್ಟಳು.

"ಇದು ಭಾವನಿಗಿರಲಿ," ಎಂದಳು.